ನಿಂತ ಆಂಜಿನಪ್ಪ

ಬೆಳಿಗ್ಗೆ ಹಾಲು ತರಲು ಹೊರಟ ಶೋಭಾರಾಣಿ ಊರಿನವರ ಸಂಘದ ಮನೆಯ ಮುಂದೆ ಕಾಲು ಕಿತ್ತಿಡಲಾಗದೆ ನಿಂತಳು. ಮೆಟ್ಟಿಲ ಪಕ್ಕದಲ್ಲಿ ಗಾಲಿಕುರ್ಚಿ ಹತ್ತಲೆಂದಿದ್ದ ಸಿಮೆಂಟಿನ ರ‍್ಯಾಂಪು ಇರಲಿಲ್ಲ. ಅದರ ಚೂರುಗಳನ್ನು ರಸ್ತೆಬದಿಗೆ ಗುಡ್ಡೆ ಹಾಕಿದ್ದರು. ಆ ಜಾಗದಲ್ಲಿ ಜಗಲಿಯ ಮಟ್ಟಕ್ಕೆ ಕಪ್ಪು ಗ್ರಾನೈಟಿನ ಪೀಠ ಎದ್ದಿತ್ತು. ಅದರ ಮೇಲೆ ಹಳದಿ ಬಟ್ಟೆ ಹೊದಿಸಿದ ಆಳೆತ್ತರದ ಆಕೃತಿ.

ಅದು ಅವಳ ಗಂಡ ಆಂಜಿನಪ್ಪನ ಪ್ರತಿಮೆ. ಅವನು ತೀರಿಹೋಗಿ ಅಂದಿಗೆ ವರ್ಷ, ಸಂಜೆಗೆ ಅನಾವರಣ. ಎಲ್ಲಿ ನಿಲ್ಲಿಸುತ್ತೀಯ ಎಂದು ಕೇಳಿದ್ದಕ್ಕೆ ಮೈದುನ ನರೇಶ, "ನೋಡ್ತೀರಲ್ಲ ಅತ್ಗೆ, ಖುಷಿ ಪಡ್ತೀರ" ಎಂದಷ್ಟೇ ಹೇಳಿದ್ದ. ಅವಳು ಸಿಂಗಸಂದ್ರದ ಮಗಳ ಮನೆಯಲ್ಲಿ ವಾರವಿದ್ದು ಬರುವುದರೊಳಗೆ ಕೆಲಸ ಮುಗಿಸಿದ್ದ.

ಆಂಜಿನಪ್ಪ ಪೀಣ್ಯದ ಕಡೆ ಸಬ್ ಇನ್ಸ್‌ಪೆಕ್ಟರ್ ಆಗಿದ್ದಾಗ, ನಾಕಾಬಂದಿ ಮುರಿದು ನುಗ್ಗಿದ ಲಾರಿಯೊಂದು ಅವನನ್ನು ಗುದ್ದಿಹೋಯಿತು. ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಕ್ಕಬಾಣಾವರದ ನೆಂಟರಿಷ್ಟರೆಲ್ಲ ಬಂದು, ಇವನ ಕಥೆ ಮುಗಿಯಿತೆಂದು ಲೊಚಗುಟ್ಟಿ, ಕಾಫಿ ಕುಡಿದು ಹೋದರು. ಆ ಸುದ್ದಿ ಆಂಜಿನಪ್ಪನಿಗೆ ಮಾತ್ರ ತಲುಪಲೇ ಇಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಸಂಘದ ಮನೆಯಲ್ಲಿ ಸರ್ಕಾರಿ ಪರೀಕ್ಷೆಗಳಿಗೆ ಪಾಠ ಶುರುಮಾಡಿದ. ಪೊಲೀಸ್ ಆಗಬೇಕೆಂದು ಬಂದ ಗಾರ್ಮೆಂಟ್ಸ್ ಹುಡುಗಿಯರನ್ನು ಮೈದಾನದಲ್ಲಿ ಓಡಿಸಿ, ಸೀಟಿ ಊದಿ ಬೈದ. ಕೇರಂನಲ್ಲಿ ಸೋತರೆ ಮನೆಗೆ ಬಂದೂ ಮುಖ ಊದಿಸಿಕೊಂಡಿರುತ್ತಿದ್ದ. ಗಣೇಶನ ಮೆರವಣಿಗೆಯಲ್ಲಿ ತಮಟೆ ಬಡಿದರೆ ಸಾಕು, ಕುರ್ಚಿಯನ್ನೇ ಗಿರಗಿರನೆ ತಿರುಗಿಸಿ ಕುಣಿದು ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಿದ್ದ.

ಒಂದು ಮಾತ್ರ ಅವನಿಗೆ ಆಗಿಬರುತ್ತಿರಲಿಲ್ಲ. ಸಂಘದ ಮನೆಯ ಮೆಟ್ಟಿಲ ಬಳಿ ನಾಲ್ಕು ಜನ ಕುರ್ಚಿಸಮೇತ ಎತ್ತಿದಾಗಲೆಲ್ಲ, "ನನ್ನನ್ನ ಅಕ್ಕಿಮೂಟೆ ಮಾಡಬೇಡ್ರೋ" ಎಂದು ರೇಗುತ್ತಿದ್ದ. ಕೊನೆಗೆ ಒಂದು ಭಾನುವಾರ ನರೇಶನೇ ಮರಳು, ಸಿಮೆಂಟು ತರಿಸಿ, ಕೈಯಾರೆ ಆ ರ‍್ಯಾಂಪು ಹಾಕಿದ್ದ. ಈಗ ಅವಳಿಗೆ ಸಂಕಟವಾದದ್ದು ಅದಕ್ಕೇ. ಬೇರೆ ಯಾರಾದರೂ ಒಡೆದಿದ್ದರೆ ಬಾಯಿಗೆ ಬಂದಂತೆ ಬೈದು ಸುಮ್ಮನಾಗುತ್ತಿದ್ದಳು.

ನರೇಶ ಅಲ್ಲೇ ಶಾಮಿಯಾನದವರಿಗೆ ಜಾಗ ತೋರಿಸುತ್ತಿದ್ದ.

"ರ‍್ಯಾಂಪು ಯಾಕೋ ಒಡೆಸ್ದೆ?"

"ರೋಡ್ ಕಡೆ ಮುಖ ಬರ್ಬೇಕಂದ್ರೆ ಇರೋದು ಅದೊಂದೇ ಜಾಗ ಅತ್ಗೆ. ಅಣ್ಣಾನೇ ಇಲ್ವಲ್ಲ, ಇನ್ಯಾರಿಗೆ ಅದು?"

"ವೇಣಿ ಬರಲ್ವಾ?"

ವೇಣಿ ಹುಟ್ಟಿನಿಂದ ಕಾಲಿಗೆ ಬಲವಿಲ್ಲದ ಹುಡುಗಿ. ಗುಮಾಸ್ತೆಯ ಕೆಲಸದ ಪರೀಕ್ಷೆಗೆ ಓದಲು ಗಾಲಿಕುರ್ಚಿಯಲ್ಲಿ ದಿನಾ ಬರುತ್ತಿದ್ದಳು.

"ಅವಳೊಬ್ಳೇ ಅಲ್ವಾ. ನಾಲ್ಕು ಜನ ಸೇರಿ ಎತ್ತಿ ಒಳಗೆ ಬಿಟ್ರಾಯ್ತು."

ಅವನು ಹಳದಿ ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿ ತೋರಿಸಿದ. ಹೊಳೆಯುವ ಬೂಟು, ಸೆಟೆದು ನಿಂತ ಕಾಲು, ಖಾಕಿ ಬಣ್ಣದ ಪ್ಯಾಂಟು.

"ಹೆಂಗ್ ನಿಂತಿದಾನೆ ನೋಡಿ" ಎಂದ. "ಗಾಡೀಲಿ ಕೂತಿದ್ದೋನು ಅಂತ ಯಾರೂ ನೆನೆಸ್ಕೋಬಾರ್ದು ಅತ್ಗೆ. ನೋಡಿದೋರೆಲ್ಲ ಅಯ್ಯೋ ಪಾಪ ಅಂತಿದ್ರು, ನಂಗೆ ತಡ್ಕೊಳೋಕೆ ಆಗ್ತಿರ್ಲಿಲ್ಲ. ಪೊಲೀಸು ಅಂತ ನೆನೆಸ್ಕೊಳ್ಳಿ."

"ನಿಂಗೂ ಅವ್ರು ಪಾಪ ಅನ್ನಿಸ್ತಿದ್ರಾ?"

ನರೇಶ ಬಟ್ಟೆಯ ಅಂಚು ಇಳಿಬಿಟ್ಟು ಶಾಮಿಯಾನದವರ ಕಡೆ ಹೋದ.

ಮನೆಗೆ ಬಂದು ಹಾಲು ಕಾಯಿಸುವಾಗ ಅವಳಿಗೆ ಅಳು ಬಂತು. ತನಗೆ ಮೋಸವಾಗಿದೆ ಎನ್ನಿಸಿತು. ಆಸ್ತಿಪಾಸ್ತಿಯ ಮೋಸವಾಗಿದ್ದರೆ ನಾಲ್ಕು ಜನರ ಮುಂದೆ ಕೂತು ನ್ಯಾಯ ಕೇಳಬಹುದಿತ್ತು. ಪ್ರೀತಿಯಿಂದ ಮಾಡಿದ ಇದನ್ನು ಯಾರ ಬಳಿ ಹೇಳುವುದು? ಗಂಡ ಕೂತೇ ಬದುಕಿದ, ನಕ್ಕ, ಜಗಳವಾಡಿದ ಅಷ್ಟೂ ವರ್ಷಗಳನ್ನು ನರೇಶ ಈ ನಿಂತ ಪ್ರತಿಮೆ ಮಾಡಿಸಿ ಕಿತ್ತುಹಾಕಿದ್ದ. ಅಣ್ಣನ ಕುರ್ಚಿಯನ್ನು ಅಷ್ಟು ಕಾಲ ತಳ್ಳಿಕೊಂಡು ಬಂದ ತಮ್ಮನೇ ಒಳಗೊಳಗೆ ನಾಚಿಕೊಂಡಿದ್ದ, ಅವಳಿಗದು ತಿಳಿದೇ ಇರಲಿಲ್ಲ.

ಸಂಜೆ ಜನ ಚೆನ್ನಾಗಿಯೇ ಸೇರಿದ್ದರು. ಅತಿಥಿಯಾಗಿ ಬಂದ ಪೊಲೀಸ್ ಅಧಿಕಾರಿ ಜಗಲಿಯ ಮೇಲಿದ್ದರು. ಆಂಜಿನಪ್ಪನ ಪಾಠದಿಂದ ಕಾನ್‌ಸ್ಟೇಬಲ್ ಆದ ಹೆಣ್ಣುಮಕ್ಕಳು ಸಮವಸ್ತ್ರದಲ್ಲೇ ಬಂದಿದ್ದರು. ಸಂಘದ ಅಧ್ಯಕ್ಷ ಚನಬಸಪ್ಪ ಮೈಕಿನಲ್ಲಿ, "ಶ್ರೀಮತಿ ಶೋಭಾರಾಣಿಯವರು ಮೇಲೆ ಬಂದು ಪ್ರತಿಮೆಯ ಬಟ್ಟೆ ಸರಿಸಿ ಮಾಲೆ ಹಾಕಬೇಕೆಂದು ವಿನಂತಿ" ಎಂದರು.

ಶೋಭಾರಾಣಿ ಮೆಟ್ಟಿಲ ಕೆಳಗೆ, ವೇಣಿಯ ಪಕ್ಕದಲ್ಲಿ ಕೂತಿದ್ದಳು. ಏಳಲಿಲ್ಲ.

"ಹೋಗಿ ಆಂಟಿ, ಕರೀತಿದಾರೆ" ಎಂದಳು ವೇಣಿ.

ಮೈಕು ಎರಡನೇ ಸಲ ಕರೆಯಿತು. ನರೇಶ ದಡದಡನೆ ಇಳಿದುಬಂದು ಬಗ್ಗಿದ. "ಅತ್ಗೆ, ಎಲ್ರೂ ನೋಡ್ತಿದಾರೆ. ಮರ್ಯಾದೆ ಪ್ರಶ್ನೆ. ಬನ್ನಿ ಮೇಲೆ."

"ನಿಮ್ಮಣ್ಣ ಇವತ್ತು ಬಂದಿದ್ರೆ ಎಲ್ಲಿರ್ತಿದ್ರು ನರೇಶ?"

ಅವಳು ದನಿ ಏರಿಸಲಿಲ್ಲ. ನರೇಶ ಮೆಟ್ಟಿಲುಗಳನ್ನು ನೋಡಿದ, ವೇಣಿಯ ಕುರ್ಚಿಯ ಗಾಲಿಗಳನ್ನು ನೋಡಿದ.

"ಇಲ್ಲೇ" ಎಂದ.

"ತಮ್ಮ ಪ್ರತಿಮೆ ಹತ್ರಾನೇ ಹೋಗೋಕೆ ಆಗ್ತಿರ್ಲಿಲ್ಲ ಅವ್ರಿಗೆ. ನಾನ್ ಹೆಂಗೋ ಹೋಗ್ಲಿ?"

ಮೇಲೆ ಚನಬಸಪ್ಪ ಮಾಲೆ ಹಿಡಿದು ಕಾಯುತ್ತಿದ್ದರು. ನರೇಶ ತಲೆ ಎತ್ತಿದ. ಅವನ ಮುಖ ಕೆಂಪೇರಿತ್ತು.

"ಬಟ್ಟೆ ತೆಗೀಬೇಡಿ ಚನಬಸಪ್ಪಣ್ಣ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. "ಇವತ್ತು ಬೇಡ. ರ‍್ಯಾಂಪು ಒಡ್ಸಿ ತಪ್ಪು ಮಾಡ್ಬಿಟ್ಟೆ. ಎಲ್ರೂ ಹತ್ತೋಕೆ ದಾರಿ ಆಗ್ಲಿ, ಆಮೇಲೆ ತೆಗೆಯಾಣ."

ಜನ ಗುಸುಗುಸು ಎಂದರು. ಶೋಭಾರಾಣಿ ಮೈದುನನ ಕಡೆ ನೋಡಲಿಲ್ಲ. ಬೆಳಗಿನ ನೋವು ಅಷ್ಟು ಬೇಗ ಹೋಗುವಂಥದ್ದಲ್ಲ. ಆದರೂ ತನ್ನ ಇನ್ನೊಂದು ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ತನ್ನ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ನರೇಶ ಅಲ್ಲಿ ಕೂತ.