ಮೂಳೆಯ ಹತ್ತಿರದ ಕೆಂಪು

ಓವೆಟಾ ಹಿತ್ತಲಿನ ತಂತಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಇನ್ನೂ ಅರ್ಧ ಬುಟ್ಟಿ ಉಳಿದಿರುವಾಗಲೇ ಬೇಲಿಯಾಚೆ ಜೆರ್ಲೀನ್ ಬಂದು ನಿಂತಳು. ಚರ್ಚಿನವರ ಪೈಕಿ ಯಾರ ಮನೆಯಲ್ಲಿ ಸಾವಾದರೂ ಅಲ್ಲಿಗೆ ಊಟ ಹೊಂದಿಸುವವಳು ಅವಳೇ.

“ಕ್ಲಿಯೋಥಾ ಹೋಗ್ಬಿಟ್ಲು ಕಣೆ. ಬೆಳಗಿನ ಜಾವ, ನಿದ್ದೇಲೇ.”

ಓವೆಟಾಳ ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲ ಬುಟ್ಟಿಗೇ ಬಿತ್ತು.

“ಮಧ್ಯಾಹ್ನಕ್ಕೆ ಮನೆ ತುಂಬಾ ಜನ ಇರ್ತಾರೆ. ಕೋಳಿ ಮಾತ್ರ ನಿಂದೇ. ಇನ್ಯಾರಿಗೆ ಹೇಳಲಿ? ಪಾದ್ರಿಗಳ ಕಾರು ಊರಲ್ಲಿ ಎಲ್ಲೂ ಕೆಡಲ್ಲ, ಭಾನುವಾರ ನಿನ್ನ ಕೋಳಿ ವಾಸನೆ ಬಂದಾಗ ನಿಮ್ಮನೆ ಮುಂದೇನೇ ಕೆಡುತ್ತೆ!” ನಗಲು ಹೋಗಿ ಜೆರ್ಲೀನ್ ಕಣ್ಣೊರೆಸಿಕೊಂಡಳು. “ಅವಳೂ ಕೋಳಿ ಚೆನ್ನಾಗೇ ಕರೀತಿದ್ಲು, ಪಾಪ. ಆವತ್ತೊಂದಿನ ಅದೇನಾಯ್ತೋ.”

ಓವೆಟಾ ಬುಟ್ಟಿಯಿಂದ ದಿಂಬಿನ ಚೀಲ ಎತ್ತಿ ಮತ್ತೊಮ್ಮೆ ಹಿಂಡಿದಳು.

ಆವತ್ತು ಚರ್ಚಿನ ಅಂಗಳದಲ್ಲಿ ವರ್ಷದ ಊಟ. ಜನರೆಲ್ಲ ಕ್ಲಿಯೋಥಾ ಮನೆಯಿಂದ ಕರಿದು ತಂದಿದ್ದ ಕೋಳಿಯ ತಟ್ಟೆಗೇ ಕೈಹಾಕುತ್ತಿದ್ದರು. ಪಕ್ಕದಲ್ಲಿದ್ದ ಓವೆಟಾಳ ತಟ್ಟೆ ತುಂಬಿದ್ದು ತುಂಬಿದ ಹಾಗೇ ಇತ್ತು. ಓವೆಟಾ ಗೆಳತಿಯ ತಟ್ಟೆಯಿಂದ ಒಂದು ಕಾಲು ಎತ್ತಿ ಮುರಿದಳು. ಮೂಳೆಯ ಹತ್ತಿರ ಕಡುಗೆಂಪು. “ಅಯ್ಯೋ, ಹಸಿ ಇದೆ! ಮಕ್ಕಳಿಗೆ ಕೊಡಬೇಡ್ರಪ್ಪಾ,” ಎಂದಳು, ಎಲ್ಲರಿಗೂ ಕೇಳುವಂತೆ. ಬಾಯಿಗೆ ಹೋದದ್ದೂ ಹೊರಗೆ ಬಂತು. ಓವೆಟಾಳ ಮಗಳು ಟೆನೀಸ ಮಾತ್ರ, “ನಾನು ತಿಂದೆ, ಚೆನ್ನಾಗಿತ್ತು,” ಎಂದಾಗ, “ಸುಮ್ನಿರು,” ಎಂದು ತಾಯಿ ಗದರಿದ್ದಳು. ಕ್ಲಿಯೋಥಾ ಏನೂ ಹೇಳದೆ ತಟ್ಟೆಗೆ ಬಟ್ಟೆ ಮುಚ್ಚಿಕೊಂಡು ಮನೆಗೆ ಹೋದಳು. ಆಮೇಲೆ ಚರ್ಚಿನ ಊಟಕ್ಕೆ ಅವಳು ತರುತ್ತಿದ್ದದ್ದು ಅಂಗಡಿಯ ಬ್ರೆಡ್ಡು. ಕೊನೆಕೊನೆಗೆ ಬರುವುದನ್ನೇ ಬಿಟ್ಟಳು.

ಎಷ್ಟೋ ಸಲ ಓವೆಟಾ ಅವಳ ಮನೆಯ ಮೆಟ್ಟಿಲವರೆಗೂ ಹೋಗಿ ಹಿಂದಿರುಗಿದ್ದಳು. ಹೇಳಬೇಕಾಗಿದ್ದುದು ಒಂದೇ ಮಾತು. ನಾಳೆ ಹೇಳಿದರಾಯಿತು ಅನ್ನಿಸುತ್ತಿತ್ತು.

ಓವೆಟಾ ಅಡುಗೆಮನೆಗೆ ಹೋಗಿ, ಮನೆಯ ಊಟಕ್ಕೆಂದು ಹಿಂದಿನ ರಾತ್ರಿಯೇ ಮಜ್ಜಿಗೆಯಲ್ಲಿ ನೆನೆಹಾಕಿದ್ದ ಎಳೆ ಕೋಳಿಯ ತುಂಡುಗಳನ್ನು ಹೊರತೆಗೆದಳು. ಟೆನೀಸ ಕಾಗದದ ಚೀಲಕ್ಕೆ ಹಿಟ್ಟು, ಉಪ್ಪು, ಮೆಣಸಿನಪುಡಿ ಸುರಿದು, ತುಂಡುಗಳನ್ನು ಹಾಕಿ ಕುಲುಕಿದಳು. ಕಬ್ಬಿಣದ ಬಾಣಲೆಯಲ್ಲಿ ಹಂದಿಯ ಕೊಬ್ಬು ಕಾದಿತ್ತು. ತುಂಡುಗಳು ಬಿದ್ದೊಡನೆ ಚೊರ್ರೆಂದಿತು.

“ಮೆತ್ತಗೆ ತಿರುಗಿಸೇ. ಹಿಟ್ಟು ಕಿತ್ತು ಬರುತ್ತೆ.”

“ಗೊತ್ತಮ್ಮಾ. ಕ್ಲಿಯೋಥಾ ಚಿಕ್ಕಮ್ಮ ಹೇಳ್ಕೊಟ್ಟಿದ್ರು.”

ಓವೆಟಾ ಇನ್ನೊಂದು ತುಂಡನ್ನು ಬಾಣಲೆಗೆ ಬಿಟ್ಟಳು. ಆ ಊಟದ ದಿನದಿಂದ ಈ ಹುಡುಗಿ ಏನನ್ನೋ ಕೇಳಲು ಬಾಯಿ ತೆರೆಯುವುದು, ಮತ್ತೆ ಮುಚ್ಚಿಕೊಳ್ಳುವುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ.

ಮೊದಲ ಸುತ್ತು ಹೊಂಬಣ್ಣಕ್ಕೆ ತಿರುಗಿತು. ಬೆಂದಿದೆಯೇ ನೋಡಲೆಂದು ಟೆನೀಸ ಒಂದು ಕಾಲನ್ನು ಮುರಿದಳು.

“ಅಮ್ಮಾ, ಇದು ಹಸಿ! ಮೂಳೆ ಹತ್ರ ಕೆಂಪಗಿದೆ.”

“ಎಳೆ ಕೋಳಿ ಅಲ್ವೇನೇ ದಡ್ಡಿ,” ಓವೆಟಾ ಒಲೆಯ ಕಡೆಗೇ ನೋಡುತ್ತ ಅಂದಳು. “ಮೂಳೆಯೊಳಗಿನ ಬಣ್ಣ ಇಳಿದು ಹಂಗೆ ಕಾಣುತ್ತೆ. ರಸ ತಿಳಿಯಾಗಿ ಬಂದ್ರೆ ಬೆಂದಿದೆ ಅಂತ. ನಿನಗಿಂತ ಚಿಕ್ಕೋಳಿದ್ದಾಗ್ಲೇ ನಮ್ಮಮ್ಮ ನಂಗೆ ತೋರಿಸಿಕೊಟ್ಟಿದ್ರು.”

ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅದು ಅವಳ ಕಿವಿಗೂ ಬಿತ್ತು.

ಟೆನೀಸ ಮುರಿದ ಕಾಲನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು. ಓವೆಟಾ ಒಲೆ ಸಣ್ಣಗೆ ಮಾಡಿದಳು. ಮಾಡುವ ಅಗತ್ಯವೇನೂ ಇರಲಿಲ್ಲ.

“ಅಮ್ಮಾ,” ಟೆನೀಸ ಕೇಳಿದಳು, “ಹಂಗಾದ್ರೆ ಚಿಕ್ಕಮ್ಮನ ಕೋಳಿ ಬೆಂದಿತ್ತು ಅಂತ ಆವತ್ತೇ ನಿಂಗೆ ಗೊತ್ತಿತ್ತಾ?”