ಫ್ನು ಮೋಹನರಾಜ

ಜರ್ಮನಿಗೆ ಓದಲು ಹೋದ ಮಗಳು ಸಿಯಾ ಮೊದಲ ವಾರವೇ ಫೋನಿನಲ್ಲಿ ಗೊಣಗಿದಾಗ ಟೆಕ್ಸಸ್‌ನ ಫ್ಲವರ್ ಮೌಂಡ್ ಊರಿನ ಮೋಹನರಾಜನಿಗೆ ಎಲ್ಲಿಲ್ಲದ ತಾತ್ಸಾರ ಹುಟ್ಟಿತು. ಭಾನುವಾರ ಅಂಗಡಿ ಮುಚ್ಚುತ್ತಾರಂತೆ, ಕೇಳಿದರೂ ನೀರಿಗೆ ಐಸ್ ಹಾಕುವುದಿಲ್ಲವಂತೆ, ಬಟ್ಟೆ ಒಣಗಿಸಲು ಡ್ರೈಯರ್ ಇಲ್ಲವಂತೆ. ಅಯ್ಯೋ ಪಾಪ, ಹೂಸ್ಟನ್ನಿನಲ್ಲಿ ಹುಟ್ಟಿದ ಮಹಾರಾಣಿ!

"ಒಂದು ಸೂಟ್‌ಕೇಸ್ ಹಿಡ್ಕೊಂಡು ಬಂದೋನು ಕಣೇ ನಾನು. ಮೂರೇ ತಿಂಗಳಲ್ಲಿ ಅಡ್ಜಸ್ಟ್ ಆಗ್ಲಿಲ್ವಾ? ಕೂತ ಕಡೆ ಎಲ್ಲಾ ಸಿಕ್ರೆ ಹೀಗೇ ಆಗೋದು."

ಹೆಂಡತಿ ನಳಿನಿ "ಪಾಪ, ಬಿಡ್ರೀ" ಎಂದದ್ದಕ್ಕೂ ಮೂಗು ಮುರಿದ.

ಇವನು ಅಡ್ಜಸ್ಟ್ ಆದ ಚೆಂದವನ್ನೂ ಕೇಳಿ. ಮೈಸೂರಿನಿಂದ ಬಂದಾಗ ಪಾಸ್‌ಪೋರ್ಟಿನಲ್ಲಿದ್ದುದು ಮೋಹನರಾಜ ಎಂಬ ಒಂದೇ ಹೆಸರು. ಇಲ್ಲಿಯವರಿಗೆ ಎರಡು ಬೇಕು. ಮೊದಲ ಹೆಸರು ಗೊತ್ತಿಲ್ಲ ಎಂಬುದಕ್ಕೆ ಎಫ್‌ಎನ್‌ಯು ಎಂಬ, ಕೂಡಿಸಿ ಓದಿದರೆ 'ಫ್ನು' ಆಗುವ ಮೂರಕ್ಷರ ವೀಸಾದಲ್ಲಿ ಬಿತ್ತು, ಮಗಳ ಜನನಪತ್ರದಲ್ಲಿ ಅಪ್ಪನ ಹೆಸರಿಗೂ ಅದೇ ಬಿತ್ತು. ಸಿಟಿಜನ್ ಆಗುವಾಗ, ಮ್ಯಾನೇಜರನ ನಾಲಿಗೆಗೆ ಕಷ್ಟವಾಗದಿರಲಿ ಎಂದು, ಈ ಮಹಾಶಯ ಇದ್ದ ಹೆಸರನ್ನೂ ಕತ್ತರಿಸಿ 'ಮೋ ರೇ' ಆದ. ಆಫೀಸಿಗೆಲ್ಲ ಕೇಕ್ ಹಂಚಿದ ಬೇರೆ.

ಆರನೇ ವಾರ ಮಗಳು ಅಳುತ್ತಲೇ ಫೋನ್ ಮಾಡಿದಳು. ಅವಳ ಖರ್ಚಿಗೆ ನಾನೇ ಹೊಣೆ ಎಂದು ಅಪ್ಪ ಪತ್ರ ಬರೆದುಕೊಟ್ಟಿದ್ದ.

"ಅಪ್ಪಾ, ಬರ್ತ್ ಸರ್ಟಿಫಿಕೇಟಲ್ಲಿರೋ ಫ್ನು ಮೋಹನರಾಜ ಯಾರು, ಲೆಟರ್ ಬರೆದಿರೋ ಮೋ ರೇ ಯಾರು ಅಂತ ವೀಸಾ ಆಫೀಸಲ್ಲಿ ಕೇಳ್ತಿದಾರೆ. ಎರಡೂ ನೀನೇ ಅಂತ ಪ್ರೂವ್ ಮಾಡ್ಬೇಕಂತೆ. ಶುಕ್ರವಾರದೊಳಗೆ ಪೇಪರ್ ಇಮೇಲ್ ಮಾಡದಿದ್ರೆ ನನ್ನ ವಾಪಸ್ ಕಳಿಸ್ತಾರೆ. ಈಗಷ್ಟೇ ಇಲ್ಲಿ ಫ್ರೆಂಡ್ಸ್ ಆಗಿದಾರೆ. ನಾನು ಬರಲ್ಲ!"

"ನೀಲಿ ಪಾಸ್‌ಪೋರ್ಟ್ ತೋರ್ಸೇ! ಅಮೆರಿಕನ್ ಸಿಟಿಜನ್ನಿಗೆ ಹಾಗೆಲ್ಲ ಕೇಳೋಕೆ ಅವರ್ಯಾರು?"

"ಇಲ್ಲಿ ಅದಕ್ಕೆಲ್ಲ ಯಾರೂ ಕೇರ್ ಮಾಡಲ್ಲಪ್ಪಾ."

ಹೆಸರು ಬದಲಾಯಿಸಿದ ಕಾಗದ ಕಳಿಸಿದರೂ ಸಾಲಲಿಲ್ಲ. ಎರಡೂ ಹೆಸರಿನಲ್ಲಿ ಸಹಿ ಹಾಕಿದ ಪ್ರಮಾಣಪತ್ರ ಬೇಕಂತೆ, ಅದಕ್ಕೆ ಟೆಕ್ಸಸ್ ಸರ್ಕಾರದ ಮುದ್ರೆ ಬೇಕಂತೆ. ಗುರುವಾರ ಬೆಳಿಗ್ಗೆ ಇಡೀ ಯುರೋಪಿಗೆ ಹಿಡಿಶಾಪ ಹಾಕುತ್ತ ಮೂರೂವರೆ ಗಂಟೆ ಡ್ರೈವ್ ಮಾಡಿ ರಾಜಧಾನಿ ಆಸ್ಟಿನ್ ತಲುಪಿ, ಮೊದಲು ಒಬ್ಬ ನೋಟರಿಯ ಮುಂದೆ ಕೂತ.

ಮೋ ರೇ ಎಂದು ಗೀಚುವುದು ಅರೆಗಳಿಗೆಯ ಕೆಲಸ. ಹಳೆಯ ಸಹಿ ಕನ್ನಡದಲ್ಲಿತ್ತು. 'ಮೋಹನ' ಎನ್ನುವಷ್ಟು ಬಂತು, 'ರಾ' ಹೇಗೋ ಆಯಿತು, ಅಲ್ಲಿಗೆ ಪೆನ್ನು ನಿಂತಿತು. 'ಜ' ಯಾವ ಕಡೆಗೆ ತಿರುಗುತ್ತದೆಂದು ಹೊಳೆಯಲೇ ಇಲ್ಲ. ಮರೆತೇಬಿಟ್ಟಿದ್ದ, ಬೆಪ್ಪುತಕ್ಕಡಿ! ಮಗಳ ಮೇಲೆ, ಜರ್ಮನಿಯ ಮೇಲೆ ಇಷ್ಟು ದಿನ ಇದ್ದ ತಾತ್ಸಾರವೆಲ್ಲ ಮೊದಲ ಸಲ ತನ್ನ ಮೇಲೆಯೇ ತಿರುಗಿತು. ಹೇಗೋ ಬರೆದು ಮುಗಿಸಿದ.

ನೋಟರಿ ಹೆಂಗಸು ಹಳೆಯ ಪಾಸ್‌ಪೋರ್ಟಿನಲ್ಲಿದ್ದ ಮೀಸೆಯ ಹುಡುಗನನ್ನು ನೋಡಿದಳು, ಅವನ ಸರಾಗವಾದ ಸಹಿಯನ್ನು ನೋಡಿದಳು, ಎದುರಿಗಿದ್ದ ಸೊಟ್ಟ ಅಕ್ಷರಗಳನ್ನೂ ನೋಡಿದಳು. ಕಾಗದವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಈ ಮೋಹನರಾಜ ಅನ್ನೋರು ನಿಮಗೆ ಏನಾಗಬೇಕು ಸರ್? ಸಹಿ ಅವರೇ ಬಂದು ಹಾಕಬೇಕು."