ಥೋರಾ ಹೌಗೆನ್ ಹೊಡೆದ ಪೆಟ್ಟಿಗೆ

ಥೋರಾ ಹೌಗೆನ್ ತನ್ನ ಪೆಟ್ಟಿಗೆಗೆ ತಾನೇ ಗುಂಡು ಹೊಡೆದುಕೊಂಡಳು ಎಂಬ ಸುದ್ದಿ ಶನಿವಾರ ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಸೇಜ್‌ಬೆಂಡ್ ಊರಿನ ಮನೆಮನೆ ಸುತ್ತಿತ್ತು. ಕೇಳಿದವರೆಲ್ಲ ಮೊದಲು ನಕ್ಕರು. ನಕ್ಕು ಮುಗಿಸಿ, ಪಾಪ, ಎಪ್ಪತ್ತೊಂದಾಯಿತಲ್ಲ ಎಂದರು. ನಕ್ಕದ್ದಕ್ಕೆ ಥೋರಾಳಿಗೆ ಬೇಜಾರಿರಲಿಲ್ಲ. ಆ ‘ಪಾಪ’ ಇದೆಯಲ್ಲ, ಅದು ಅವಳ ಮೈಯೆಲ್ಲ ಉರಿಸಿತು.

ಪೆಟ್ಟಿಗೆ ಎಂದರೆ ಕ್ರೋನೋಗ್ರಾಫ್, ಗುಂಡಿನ ವೇಗ ಅಳೆಯುವ ಯಂತ್ರ. ಬಂದೂಕಿನ ಬಾಯಿಂದ ಎರಡು ಮಾರು ದೂರದಲ್ಲಿ ಮುಕ್ಕಾಲಿಯ ಮೇಲೆ ಅದನ್ನು ಕೂರಿಸಬೇಕು. ಗುಂಡು ಅದರ ತಲೆಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಹಾರಿಹೋದರೆ ಸೆಕೆಂಡಿಗೆ ಎಷ್ಟು ಅಡಿ ಎಂದು ಅಂಕಿ ಮೂಡುತ್ತದೆ. ಅಂಗಡಿಯ ತೋಟಾಗಳನ್ನು ನಂಬದೆ ಮನೆಯ ಮೇಜಿನ ಮೇಲೆ ತಾವೇ ಮದ್ದು ತೂಗಿ ತುಂಬುವವರಿಗೆ ಅದಿಲ್ಲದೆ ನಡೆಯುವುದಿಲ್ಲ. ಮದ್ದು ಕಡಿಮೆಯಾಗಿದೆಯೋ, ಅಪಾಯದ ಮಟ್ಟ ಮುಟ್ಟಿದೆಯೋ ಎಂದು ಬಾಯಿಬಿಟ್ಟು ಹೇಳುವುದು ಅದೊಂದೇ.

ಊರಿನ ಬಂದೂಕು ಕ್ಲಬ್ಬಿನಲ್ಲಿ ಈ ತೋಟಾ ತುಂಬುವ ವಿದ್ಯೆಯನ್ನು ಹತ್ತೊಂಬತ್ತು ವರ್ಷಗಳಿಂದ ಕಲಿಸುತ್ತಿದ್ದವಳು ಥೋರಾ. ಗೋಧಿ ಕಣಜದಲ್ಲಿ ಮೂವತ್ತು ವರ್ಷ ತಕ್ಕಡಿಯ ಮುಂದೆ ನಿಂತವಳು, ತೂಕದಲ್ಲಿ ಅವಳ ಕಣ್ಣಿಗೆ ಮಣ್ಣೆರಚಲು ಯಾರಿಂದಲೂ ಆಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಶನಿವಾರದ ಆ ಪಾಠವೇ ಅವಳ ವಾರವನ್ನು ಎತ್ತಿ ನಿಲ್ಲಿಸಿದ್ದು. ಕ್ಲಬ್ಬಿನ ಪಾಠದ ಕೋಣೆಯ ಬೀಗದ ಕೈ ಅವಳ ಕೋಟಿನ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಬಿಟ್ಟುಕೊಡು ಎಂದರೆ ಪ್ರಾಣ ಬಿಡು ಎಂದಂತೆ ಅವಳಿಗೆ.

ಬಿಟ್ಟುಕೊಡು ಎನ್ನುವವನೊಬ್ಬ ಹುಟ್ಟಿಕೊಂಡಿದ್ದ. ರಾಯ್ಸ್ ಪ್ರೂಯಿಟ್, ಟ್ರ್ಯಾಕ್ಟರಿನ ಬಿಡಿಭಾಗ ಮಾರುವವ, ವಯಸ್ಸು ನಲವತ್ತೈದು. ಹನ್ನೆರಡು ವರ್ಷದ ಹಿಂದೆ ಥೋರಾಳ ಮುಂದೆಯೇ ಕೂತು ಕಲಿತವನು. ಕೆಟ್ಟ ಮನುಷ್ಯ ಅಂತೇನಲ್ಲ. ತನಗೆ ಗೊತ್ತಿರುವುದನ್ನು ನಾಲ್ಕು ಜನರಿಗೆ ಹೇಳದಿದ್ದರೆ ಊಟ ಸೇರದ ಜಾತಿಯವನು, ಅಷ್ಟೇ. ಆ ಶನಿವಾರ ಸಂಜೆ ಕ್ಲಬ್ಬಿನ ವಾರ್ಷಿಕ ಸಭೆ ಇತ್ತು. ಪಾಠದ ಜವಾಬ್ದಾರಿ ಇನ್ನು ತನಗೆ ಬರಲಿ ಎಂದು ಅವನು ಆಗಲೇ ಹತ್ತಾರು ಜನರ ಕಿವಿ ಕಚ್ಚಿದ್ದ.

ಅಂದು ಬೆಳಿಗ್ಗೆ ಥೋರಾ ಕ್ಲಬ್ಬಿನ ಗುರಿ ಮೈದಾನದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆಂದು ಹೊಸ ಮದ್ದು ತುಂಬಿದ ತೋಟಾಗಳನ್ನು ಪರೀಕ್ಷಿಸುತ್ತಿದ್ದಳು. ಮರಳು ಚೀಲದ ಮೇಲೆ ಬಂದೂಕು ಇಟ್ಟು, ನಳಿಗೆಯ ಹಿಂಬಾಯಿ ಮುಚ್ಚುವ ಬೋಲ್ಟ್ ತೆಗೆದು, ನಳಿಗೆಯೊಳಗಿಂದ ಕಣ್ಣಿಟ್ಟು ನೋಡಿ, ಗುಂಡಿನ ದಾರಿಗೆ ಸರಿಯಾಗಿ ಪೆಟ್ಟಿಗೆ ಕೂರಿಸಿದಳು. ಗುರಿ ನೋಡುವ ದುರ್ಬೀನು ನಳಿಗೆಗಿಂತ ಎರಡು ಬೆರಳು ಮೇಲಿರುತ್ತದೆ; ದುರ್ಬೀನಿಗೆ ಪೆಟ್ಟಿಗೆ ಅಡ್ಡ ಬರದೆ ಹೋದರೂ ನಳಿಗೆಗೆ ಬರಬಹುದು. ಅವಳ ಮೊದಲ ದಿನದ ಪಾಠವೇ ಇದು. ಗುರಿ ಬದಲಾದಾಗಲೆಲ್ಲ ಬೋಲ್ಟ್ ತೆಗೆದು ಮತ್ತೆ ನೋಡಿ, ಸೋಮಾರಿತನ ಮಾಡಿದರೆ ಪೆಟ್ಟಿಗೆಯ ತಿಥಿ ನೀವೇ ಮಾಡಬೇಕು ಎಂದು ಅವಳು ಹೇಳದ ಶನಿವಾರವಿಲ್ಲ.

ಹತ್ತು ಗುಂಡು ಸರಿಯಾಗಿ ಹೋದವು. ಗುಂಡು ನಿಲ್ಲಿಸಿ ಕೆಂಪು ಬಾವುಟ ಇಳಿಸಿದಾಗ ಎಲ್ಲರೊಡನೆ ಗುರಿ ಹಲಗೆಗಳವರೆಗೆ ನಡೆದುಹೋಗಿ ಹೊಸ ಗುರಿ ಕಾಗದ ಅಂಟಿಸಿದಳು. ಹಲಗೆಯ ಮೇಲ್ಭಾಗ ಯಾರದೋ ಗುಂಡುಗಳಿಗೆ ಚಿಂದಿಯಾಗಿತ್ತು, ಅದಕ್ಕೆ ಕಾಗದವನ್ನು ಹಲಗೆಯ ಬುಡದಲ್ಲಿ ಅಂಟಿಸಬೇಕಾಯಿತು. ವಾಪಸ್ ಬಂದು ಕೂತು, ಬಾವುಟ ಮತ್ತೆ ಏರುವಷ್ಟರಲ್ಲಿ ಬೆನ್ನ ಹಿಂದೆ ರಾಯ್ಸ್ ಕಾಫಿ ಲೋಟ ಹಿಡಿದು ನಿಂತಿದ್ದ. ಎಷ್ಟು ವರ್ಷ ದುಡಿದಿರಿ, ಇನ್ನು ಆರಾಮಾಗಿರಬಾರದೇ, ಕ್ಲಬ್ಬಿನಿಂದ ಒಂದು ಫಲಕ ಮಾಡಿಸಿಕೊಡುತ್ತೇವೆ ಎಂದು ಜೇನಿನಲ್ಲಿ ಅದ್ದಿದ ದನಿಯಲ್ಲಿ ಶುರುಮಾಡಿದ. ಥೋರಾಳಿಗೆ ಸಿಟ್ಟು ನೆತ್ತಿಗೇರಿತು. ಇವನಿಗೆ ಬಾಯಲ್ಲಿ ಅಲ್ಲ, ಕಾಗದದ ಮೇಲೆ ಉತ್ತರ ಕೊಡುತ್ತೇನೆ ಎಂದುಕೊಂಡು ಬೋಲ್ಟ್ ಮುಚ್ಚಿದಳು. ದುರ್ಬೀನಿನಲ್ಲಿ ಗುರಿ ಕಂಡಿತು. ಬಂದೂಕಿನ ಕುದುರೆ ಒತ್ತಿದಳು.

ಢಮ್ ಎಂದದ್ದರ ಜೊತೆಗೇ ಛಟ್ ಎಂಬ ಇನ್ನೊಂದು ಸದ್ದು. ಪ್ಲಾಸ್ಟಿಕ್ಕಿನ ಚೂರುಗಳು ಹುಲ್ಲಿನ ಮೇಲೆಲ್ಲ ಚೆಲ್ಲಿದವು, ಮುಕ್ಕಾಲಿ ಮಗುಚಿ ಬಿತ್ತು. ಸಾಲಿನಲ್ಲಿದ್ದವರೆಲ್ಲ ಬಂದೂಕು ಕೆಳಗಿಟ್ಟು ತಿರುಗಿ ನೋಡಿದರು.

ರಾಯ್ಸ್ ಬಗ್ಗಿ ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ: “ಗಾಳಿಗೆ ಮುಕ್ಕಾಲಿ ಜರುಗಿತು ಅಂತ ಹೇಳಿಬಿಡಿ ಮಿಸೆಸ್ ಹೌಗೆನ್. ನಾನೂ ನೋಡ್ದೆ ಅಂತೀನಿ. ಇವತ್ತೇ ಗೌರವವಾಗಿ ಇಳಿದುಬಿಟ್ರೆ ಇದನ್ನ ಯಾರೂ ಎತ್ತಲ್ಲ.”

“ಗಾಳಿ ಎಲ್ಲಿದೆಯಪ್ಪಾ?” ಎಂದಳು ಥೋರಾ, ಇಡೀ ಸಾಲಿಗೆ ಕೇಳುವಂತೆ. “ಬಾವುಟ ನೋಡು, ಸತ್ತು ನೇತಾಡ್ತಿದೆ. ಹೊಡೆದಿದ್ದು ನಾನು. ಹಾಗೇ ಹೇಳು ಎಲ್ಲರಿಗೂ.”

ಅವನು ಹಾಗೇ ಹೇಳಿದ. ಅದರಲ್ಲೇನೂ ಕಮ್ಮಿ ಮಾಡಲಿಲ್ಲ.

ಕ್ಲಬ್ಬಿನ ಒಳಗೆ ಒಲೆಯ ಪಕ್ಕದ ಗೋಡೆಯನ್ನು ಎಲ್ಲರೂ ಸ್ಮಶಾನ ಎನ್ನುತ್ತಿದ್ದರು. ಪೆಟ್ಟಿಗೆ ಹೊಡೆದವನು ಅದರ ಹೆಣವನ್ನು ತಾನೇ ಅಲ್ಲಿಗೆ ಮೊಳೆ ಹೊಡೆದು ತೂಗುಹಾಕಬೇಕು, ಅದರ ಮೇಲೆ ತಾರೀಖು, ಹೆಸರು, ಕಾರಣ ಬರೆಯಬೇಕು, ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಓದಬೇಕು. ಓದಿದಾಗ ಎಲ್ಲರೂ ಚಿಲಿ ಎಂಬ ಖಾರದ ಮಾಂಸದ ಸಾರಿನ ಬಟ್ಟಲಿಗೆ ಚಮಚ ಬಡಿದು ಗಲಾಟೆ ಮಾಡುತ್ತಾರೆ. ಇಪ್ಪತ್ತೆರಡು ಪೆಟ್ಟಿಗೆಗಳು ಅಲ್ಲಿ ನೇತಾಡುತ್ತಿದ್ದವು, ಮತ್ತು ಇಪ್ಪತ್ತೆರಡರ ಮೇಲೂ ಶುದ್ಧ ಸುಳ್ಳು. ಒಬ್ಬನಿಗೆ ಗಾಳಿ, ಒಬ್ಬನಿಗೆ ಕಡಜ ಕಚ್ಚಿದ್ದು, ಇನ್ನೊಬ್ಬನಿಗೆ ಭಾವಮೈದುನ ಮಾತಾಡಿಸಿದ್ದು. ರಾಯ್ಸ್‌ನವೇ ಎರಡಿದ್ದವು. ಒಂದರ ಮೇಲೆ ‘ಬಿಸಿಲು ಕಣ್ಣಿಗೆ ಬಿತ್ತು’ ಎಂದು ಬರೆದಿದ್ದ. ಅವತ್ತು ಬೆಳಗಿನಿಂದ ಹಿಮ ಬೀಳುತ್ತಿತ್ತು.

ಸಂಜೆ ಥೋರಾ ಎದ್ದು ನಿಂತು ತನ್ನ ಪೆಟ್ಟಿಗೆಯ ಮೇಲಿನದನ್ನು ಓದಿದಳು. “ಗುರಿ ಕೆಳಗಿಳಿಸಿದೆ. ನಳಿಗೆಯೊಳಗಿಂದ ಮತ್ತೆ ನೋಡಲಿಲ್ಲ. ಸಿಟ್ಟಿನಲ್ಲಿದ್ದೆ.” ಚಮಚ ಎತ್ತಿದವರು ಎತ್ತಿದ ಹಾಗೇ ಉಳಿದರು. ಆ ಗೋಡೆಯಲ್ಲಿ ನಿಜ ಬರೆದವರನ್ನು ಯಾರೂ ಕಂಡಿರಲಿಲ್ಲ, ಅದಕ್ಕೆ ಹೇಗೆ ಗಲಾಟೆ ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ರಾಯ್ಸ್ ಅದೇ ಸಂದಿಯಲ್ಲಿ ಎದ್ದ. ತನಗೆ ಅವರ ಮೇಲೆ ಬಹಳ ಗೌರವವಿದೆ, ಆದರೆ ಮೊದಲ ದಿನದ ಪಾಠವನ್ನೇ ಮರೆತರೆ ಅದು ವಯಸ್ಸಿನ ಲಕ್ಷಣ, ಕಣ್ಣಿನ ಪರೀಕ್ಷೆಯಾದರೂ ಆಗಲಿ, ಅಲ್ಲಿಯವರೆಗೆ ಬೀಗದ ಕೈ ಅಧ್ಯಕ್ಷರ ಹತ್ತಿರ ಇರಲಿ ಎಂದ. ಅಧ್ಯಕ್ಷ ಮೆರ್ಲ್ ಡೂಗನ್, ಥೋರಾಳ ಗಂಡನ ಜೊತೆ ನಲವತ್ತು ವರ್ಷ ಬೇಟೆಯಾಡಿದ ಮುದುಕ, ಬಟ್ಟಲಿನೊಳಗೆ ನೋಡುತ್ತ ಕೂತ. ಕೂತವರಲ್ಲಿ ಹಲವರು ರಾಯ್ಸ್ ಹೇಳಿದ್ದು ಹೌದೆಂದು ತಲೆಯಾಡಿಸಿದರು.

ಥೋರಾ ಬೀಗದ ಕೈ ತೆಗೆದು ಮೆರ್ಲನ ಮುಂದೆ ಮೇಜಿನ ಮೇಲೆ ಟಪ್ಪೆಂದು ಇಟ್ಟಳು. ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ, ಆದರೆ ನಿಯಮ ಅಂದಮೇಲೆ ಎಲ್ಲರಿಗೂ ನಿಯಮ, ಆ ಗೋಡೆಯ ಮೇಲೆ ಹೆಸರಿರುವ ಪ್ರತಿಯೊಬ್ಬರೂ ಕಣ್ಣು ತೋರಿಸಿಕೊಂಡು ಚೀಟಿ ತಂದು ಇಲ್ಲಿ ಓದಲಿ ಎಂದಳು. ಗೋಡೆಯ ಮೇಲೆ ಹೆಸರಿಲ್ಲದ ಹೆಂಗಸರು, ಹೊಸಬರು, ಇಂಥ ಮಜಾ ಮತ್ತೆ ಸಿಗುವುದಿಲ್ಲ ಎಂದು ಒಟ್ಟಿಗೆ ಕೈಯೆತ್ತಿದರು. ನಿರ್ಣಯ ಪಾಸಾಯಿತು.

ಮುಂದಿನ ಎರಡು ವಾರ ಎಪ್ಪತ್ತು ಮೈಲಿ ಆಚೆಯ ಪಟ್ಟಣದ ಕಣ್ಣಿನ ಡಾಕ್ಟರಮ್ಮನಿಗೆ ಪುರುಸೊತ್ತಿಲ್ಲ. ಥೋರಾ ಮೊದಲ ದಿನವೇ ಹೋದಳು, ಮೆರ್ಲ್ ತಾನೇ ಗಾಡಿ ಓಡಿಸಿಕೊಂಡು ಕರೆದೊಯ್ದ. ಡಾಕ್ಟರಮ್ಮ ಅವಳ ಬಲಗಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿ, ಪೊರೆ ಬೆಳೆದಿದೆ, ಆಪರೇಷನ್ ಆಗಬೇಕು ಎಂದಳು. ಬಲಗಣ್ಣು, ದುರ್ಬೀನಿಗೆ ಇಡುವ ಕಣ್ಣು.

ಗಾಡಿಯಲ್ಲಿ ಕೂತು ಥೋರಾ ಅತ್ತಳು. ಎದುರು ಬರುವ ಗಾಡಿಗಳ ದೀಪ ಒಂದು ವರ್ಷದಿಂದ ಹೂವಿನ ಹಾಗೆ ಅರಳಿ ಕಾಣುತ್ತಿದ್ದದ್ದು ಅವಳಿಗೇನು ಗೊತ್ತಿರಲಿಲ್ಲವೇ? ಗೊತ್ತಿತ್ತು. ಗಾಜು ಕೊಳೆಯಾಗಿದೆ ಎಂದು ಒರೆಸಿಕೊಂಡು ದಿನ ತಳ್ಳಿದ್ದಳು. ತನಗೆ ತಾನೇ ಸುಳ್ಳು ಹೇಳಿಕೊಂಡದ್ದಕ್ಕೆ ಅವಳಿಗೆ ಕಣ್ಣಿಗಿಂತ ಹೆಚ್ಚು ನೋವಾಯಿತು.

ಅರ್ಧ ದಾರಿಯಲ್ಲಿ ಮೆರ್ಲ್ ರಸ್ತೆಯನ್ನೇ ನೋಡುತ್ತ ಹೇಳಿದ: “ಚೀಟಿ ಓದೋಳು ನೀನೇ ತಾನೆ? ‘ಕಣ್ಣು ಚೆನ್ನಾಗಿದೆ’ ಅಂತ ಓದಿಬಿಡು ಕಣೇ. ಆಪರೇಷನ್ ಆದಮೇಲೆ ಅದು ನಿಜಾನೇ ಆಗುತ್ತಲ್ಲ. ಮೇಜಿನ ಮೇಲಿಂದ ಕೀ ನಾನೇ ಎತ್ತಿ ಕೊಡ್ತೀನಿ.”

ಆ ಮಾತು ಅವಳನ್ನು ನಿಜಕ್ಕೂ ಎಳೆಯಿತು. ಒಂದು ಸಣ್ಣ ಸುಳ್ಳು, ಶನಿವಾರಗಳೆಲ್ಲ ವಾಪಸ್. ಹತ್ತು ಮೈಲಿ ಅದನ್ನೇ ಬಾಯಲ್ಲಿ ಹೊರಳಿಸಿಕೊಂಡು ಕೂತಳು. ಕೊನೆಗೆ ಮೂಗು ಒರೆಸಿಕೊಂಡು, ತೂಕ ತಪ್ಪಾಗಿದ್ದರೆ ತಪ್ಪು ಎಂದೇ ಬರೆಯಿರಿ ಎಂದು ಹತ್ತೊಂಬತ್ತು ವರ್ಷ ಮಕ್ಕಳು ಮುದುಕರಿಗೆಲ್ಲ ಬಡಿದುಕೊಂಡವಳು ನಾನು, ನಿನ್ನ ಕೆಲಸ ನೋಡಿಕೊಂಡು ಗಾಡಿ ಓಡಿಸು ಎಂದಳು. ಮೆರ್ಲ್ ಓಡಿಸಿದ.

ಚೀಟಿ ಓದಲೆಂದು ಕರೆದ ಎರಡನೆಯ ಸಭೆಗೆ ಕೋಣೆ ಕಿಕ್ಕಿರಿದಿತ್ತು. ಗೋಡೆಯ ಮೇಲೆ ಹೆಸರಿದ್ದವರು ಒಬ್ಬೊಬ್ಬರಾಗಿ ಎದ್ದು ಓದಿದರು. ಐದು ಜನಕ್ಕೆ ಕನ್ನಡಕ ಬದಲಾಯಿಸಬೇಕಾಗಿತ್ತು, ಒಬ್ಬನಿಗೆ ಹಸಿರು ಕೆಂಪು ಗೊತ್ತಾಗದೆಂದು ಅರವತ್ತನೆಯ ವಯಸ್ಸಿನಲ್ಲಿ ತಿಳಿಯಿತು. ರಾಯ್ಸ್ ಎದೆ ಉಬ್ಬಿಸಿ ಓದಿದ. ಎರಡೂ ಕಣ್ಣು ಅಪ್ಪಟ ಚಿನ್ನ, ಹದ್ದಿನ ಕಣ್ಣು ಎಂದು ಡಾಕ್ಟರಮ್ಮನೇ ಹೇಳಿದಳಂತೆ.

ಥೋರಾ ಕೊನೆಯವಳು. ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ಒಂದಕ್ಷರ ಬಿಡದೆ ಓದಿದಳು: ಬಲಗಣ್ಣಿನಲ್ಲಿ ಪೊರೆ, ಮುಂದಿನ ತಿಂಗಳು ಆಪರೇಷನ್. ಯಾರೋ ಹಿಂದೆ ‘ಪಾಪ’ ಎಂದರು.

“ಹಾಗಾದ್ರೆ ನಾನು ಹೇಳಿದ್ದೇ ಸರಿಯಾಯ್ತಲ್ಲ,” ಎಂದ ರಾಯ್ಸ್. ಗೆದ್ದವನ ದನಿಯಲ್ಲಿ ಅಲ್ಲ, ಸ್ವಲ್ಪ ಮುಜುಗರದಿಂದಲೇ ಹೇಳಿದ.

“ಕಣ್ಣಿನ ವಿಷಯದಲ್ಲಿ ಸರಿ,” ಎಂದಳು ಥೋರಾ. “ಪೆಟ್ಟಿಗೆ ವಿಷಯದಲ್ಲಿ ತಪ್ಪು. ಹನ್ನೆರಡು ವರ್ಷದಲ್ಲಿ ನೀನು ಹೊಡೆದಿದ್ದು ಎರಡು, ಹದ್ದಿನ ಕಣ್ಣಿಟ್ಕೊಂಡು. ನಾನು ಹತ್ತೊಂಬತ್ತು ವರ್ಷದಲ್ಲಿ ಒಂದು, ಅದೂ ಪೊರೆ ಬಂದ ಕಣ್ಣಲ್ಲಿ. ದುರ್ಬೀನಲ್ಲಿ ಗುರಿ ನನಗೂ ಕಾಣ್ತು, ನಿನಗೂ ಕಂಡಿತ್ತು. ಇಬ್ಬರೂ ನಳಿಗೆಯೊಳಗೆ ನೋಡಲಿಲ್ಲ. ನಾನು ಅದನ್ನ ಬರೆದೆ. ನೀನು ಹಿಮ ಬೀಳೋ ದಿನ ಬಿಸಿಲು ಅಂತ ಬರೆದೆ. ಈಗ ಹೇಳು, ಇಲ್ಲಿರೋರಿಗೆ ಯಾರು ಕಲಿಸಬೇಕು?”

ಯಾರೋ ಒಬ್ಬ ಬಟ್ಟಲಿಗೆ ಚಮಚ ಬಡಿದ. ಆಮೇಲೆ ಇನ್ನೊಬ್ಬ. ಆಮೇಲೆ ಇಡೀ ಕೋಣೆ ಕಿವಿ ಕಿತ್ತುಹೋಗುವಂತೆ ಬಡಿಯಿತು. ರಾಯ್ಸ್‌ನ ಕತ್ತು ಕೆಂಪಾಯಿತು, ಆದರೂ ಕೂರಲಿಲ್ಲ. ಸದ್ದು ಇಳಿಯುವವರೆಗೆ ಕಾದು, ಒಂದೇ ಪ್ರಶ್ನೆ ಕೇಳಿದ. ಆಪರೇಷನ್ ಆಗುವವರೆಗೆ ಗುಂಡು ಹಾರಿಸಿ ತೋರಿಸುವವರು ಯಾರು ಎಂದು. ಪ್ರಶ್ನೆ ನ್ಯಾಯವಾದದ್ದೇ. ಆ ಕಣ್ಣಿನಲ್ಲಿ ಬಂದೂಕು ಹಿಡಿಯಲು ಅವಳೇ ಒಪ್ಪುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಥೋರಾ ಮೇಜಿನ ಹತ್ತಿರ ಹೋಗಿ, ಮತಕ್ಕೆ ಹಾಕುತ್ತೇನೆ ಎಂದು ಮೆರ್ಲ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಅವನು ಮುಂದೆ ಇಟ್ಟುಕೊಂಡಿದ್ದ ಬೀಗದ ಕೈ ಎತ್ತಿ ಜೇಬಿಗಿಳಿಸಿದಳು. ಬೇಡ ಎನ್ನುವವರಿದ್ದರೆ ಎದ್ದು ಹೇಳಲಿ ಎಂದು ಸುತ್ತ ನೋಡಿದಳು. ಯಾರೂ ಏಳಲಿಲ್ಲ. ನಿಂತಿದ್ದವನು ರಾಯ್ಸ್ ಒಬ್ಬನೇ.

“ನೀನೇ ತೋರಿಸಪ್ಪಾ,” ಎಂದಳು. “ಕಣ್ಣು ನಿಂದು, ಪಾಠ ನಂದು. ಶನಿವಾರ ಎಂಟಕ್ಕೆ ಬಾ, ತಡ ಮಾಡ್ಬೇಡ.”

ರಾಯ್ಸ್ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಆಯ್ತು ಮಿಸೆಸ್ ಹೌಗೆನ್,” ಎಂದ. “ನನ್ನ ಪೆಟ್ಟಿಗೇನೇ ತರ್ತೀನಿ.”

“ತಾ,” ಎಂದಳು ಥೋರಾ. “ಆದರೆ ಕೂರಿಸೋದು ನಾನು.”